ಮಂಡೆಬಿಸಿ

ಊರ ಕಡೆ ಮದುವೆ ಮನೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬ ಸಿಕ್ಕಿದರೆ ಜನ ಕೇಳೋದು ಎರಡೇ ಪ್ರಶ್ನೆ. ಮೊದಲನೇದು ಸಂಬಳದ್ದು, ಅದನ್ನ ಸುತ್ತಿ ಬಳಸಿ ಕೇಳ್ತಾರೆ. ಎರಡನೇದನ್ನ ಮಾತ್ರ ನೇರವಾಗೇ ಕೇಳ್ತಾರೆ: "ಭಾರೀ ಟೆನ್ಷನ್ ಕೆಲಸ ಅಂತೆ, ಹೌದಾ?" ನಾನು "ಹಂಗೇನಿಲ್ಲ, ಎಲ್ಲಾ ಕಡೆ ಇದ್ದಿದ್ದೇ" ಅಂತ ಹೇಳಿ ಹೋಳಿಗೆ ಕಡೆ ಗಮನ ಕೊಡ್ತೀನಿ. ಬಾಳೆಲೆ ಮುಂದೆ ಕೂತು ಉತ್ತರಿಸೋ ಪ್ರಶ್ನೆ ಅಲ್ಲ ಅದು. ಆದ್ರೆ ಉತ್ತರ ಬಾಕಿ ಉಳಿದಿದೆ ಅಂತ ಬಹಳ ದಿನದಿಂದ ಅನ್ನಿಸ್ತಾ ಇತ್ತು. ಇವತ್ತು ಬರೆದುಬಿಡ್ತೀನಿ.

ನಮ್ಮ ಸಾಗರದ ಕಡೆ ಇದಕ್ಕೊಂದು ಚೆಂದದ ಪದ ಇದೆ, ಮಂಡೆಬಿಸಿ. ಕರಾವಳಿಯವರೂ ಹೀಗೇ ಅಂತಾರೆ. ಬೆಂಗಳೂರಿನವರು ತಲೆಬಿಸಿ, ತಲೆ ಕೆಟ್ಟೋಯ್ತು ಅಂತಾರೆ. 'ಒತ್ತಡ' ಅನ್ನೋದು ಪೇಪರಿನವರ ಪದ. ಯಾರೂ ಗೆಳೆಯನ ಹತ್ರ "ನಂಗೆ ಒತ್ತಡ ಆಗಿದೆ ಕಣೋ" ಅನ್ನಲ್ಲ. ಇನ್ನು ಟೆನ್ಷನ್ ಅನ್ನೋದು ಕನ್ನಡಕ್ಕೆ ಬಂದಮೇಲೆ 'ತಗೊಳ್ಳೋ' ವಸ್ತು ಆಗಿಬಿಟ್ಟಿದೆ. "ಟೆನ್ಷನ್ ತಗೋಬೇಡ ಮಾರಾಯ" ಅಂತೀವಿ, ಯಾರೋ ತಟ್ಟೆಯಲ್ಲಿ ತಂದು ಹಿಡಿದ ಹಾಗೆ, ಬೇಡ ಅಂದರೆ ಮುಂದಿನವರಿಗೆ ದಾಟಿಸ್ತಾರೆ ಅನ್ನೋ ಹಾಗೆ :) ನನ್ನ ತಕರಾರು ಇರೋದೇ ಈ 'ತಗೋಬೇಡ' ಅನ್ನೋ ಮಾತಿನ ಮೇಲೆ.

ನಮ್ಮ ಕೆಲಸದ ಒಂದು ಮುಖ ಹೊರಗಿನವರಿಗೆ ಗೊತ್ತಿರಲ್ಲ, ಅದರ ಹೆಸರು ಆನ್‌ಕಾಲ್. ನಾವು ನೋಡಿಕೊಳ್ಳೋ ಸಾಫ್ಟ್‌ವೇರ್ ಅಮೆರಿಕದಲ್ಲಿ ಹಗಲೂರಾತ್ರಿ ಓಡ್ತಾ ಇರತ್ತೆ. ನ್ಯೂಯಾರ್ಕಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ಜನ ಊಟ ಮುಗಿಸಿ ಮಧ್ಯಾಹ್ನದ ಕೆಲಸಕ್ಕೆ ಕೂತಾಗ ನಮಗಿಲ್ಲಿ ಮಧ್ಯರಾತ್ರಿ. ಸಿಸ್ಟಮ್ಮಿನಲ್ಲಿ ಏನಾದ್ರೂ ಎಡವಟ್ಟಾದರೆ ಒಂದು ಪ್ರೋಗ್ರಾಮ್ ತಾನಾಗೇ ಫೋನ್ ಮಾಡತ್ತೆ. ಆ ವಾರ ಯಾರ ಸರದಿ ಇದೆಯೋ ಅವರು ಎದ್ದು, ಲ್ಯಾಪ್‌ಟಾಪ್ ತೆಗೆದು, ಸರಿಮಾಡಬೇಕು. ಐದು ನಿಮಿಷದಲ್ಲಿ ಫೋನ್ ಒತ್ತದಿದ್ದರೆ ಅದು ಮುಂದಿನವರಿಗೆ ಹೋಗತ್ತೆ, ಆಮೇಲೆ ಮ್ಯಾನೇಜರಿಗೆ. ಡಾಕ್ಟರು, ಲೈನ್‌ಮನ್, ಫೈರ್ ಸ್ಟೇಷನ್ನಿನವರು ಎಲ್ಲರೂ ಮಾಡೋ ಕೆಲಸವೇ, ಹೊಸದೇನಲ್ಲ. ನಾವು ನಾಲ್ಕು ಜನ ಇದ್ವಿ. ತಿಂಗಳಿಗೊಂದು ವಾರ ನನ್ನ ಸರದಿ.

ಕೇಳೋಕೆ ಇದೇನು ದೊಡ್ಡ ವಿಷಯ ಅನ್ನಿಸಲ್ಲ, ನನಗೂ ಮೊದಲು ಅನ್ನಿಸಿರಲಿಲ್ಲ. ಕಷ್ಟ ಎಲ್ಲಿದೆ ಅಂದ್ರೆ, ಫೋನ್ ಬರೋದರಲ್ಲಿ ಅಲ್ಲ, ಬರಬಹುದು ಅನ್ನೋದರಲ್ಲಿ. ಆ ವಾರ ಸಿನಿಮಾ ಇಲ್ಲ, ನೆಟ್‌ವರ್ಕ್ ಇಲ್ಲದ ಊರಿಲ್ಲ, ತರಕಾರಿ ತರೋಕೆ ಹೋದರೂ ಬೆನ್ನ ಮೇಲೆ ಲ್ಯಾಪ್‌ಟಾಪ್. ಸ್ನಾನಕ್ಕೆ ಹೋದಾಗ ಫೋನನ್ನ ಬಚ್ಚಲು ಮನೆ ಕಿಟಕಿ ಮೇಲೆ ಇಡೋದು. ಒಂದು ರಾತ್ರಿ ಫೋನ್ ಬರದೇ ಇದ್ದರೂ ನಿದ್ದೆ ಬಂದಿರಲ್ಲ, ಕಿವಿ ತೆರೆದುಕೊಂಡೇ ಇರತ್ತೆ. ವಿಚಿತ್ರ ಅಂದ್ರೆ, ಸರದಿ ಮುಗಿದ ಮೇಲೂ ಆ ಕಿವಿ ಮುಚ್ಚಿಕೊಳ್ಳಲಿಲ್ಲ. ಒಮ್ಮೆ ದರ್ಶಿನಿಯಲ್ಲಿ ಕಾಫಿ ಕುಡೀತಾ ಇದ್ದೆ, ಪಕ್ಕದಲ್ಲಿದ್ದ ಯಾರದೋ ಫೋನಿನಲ್ಲಿ ನನ್ನ ಆನ್‌ಕಾಲ್ ರಿಂಗ್‌ಟೋನೇ ಬಂತು. ಎದೆ ಧಸಕ್ ಅಂತು, ಅಂಗೈ ಬೆವರಿತು. ಅವರು ಆರಾಮಾಗಿ "ಹಲೋ, ಬಂದೆ ಕಣೇ" ಅಂದ್ರು. ನನ್ನ ಕೈಯಲ್ಲಿದ್ದ ಲೋಟ ಇನ್ನೂ ಅಲ್ಲಾಡ್ತಾ ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಮಾಡಿಸೋ ಹೆಲ್ತ್ ಚೆಕಪ್ಪಿನಲ್ಲಿ ಬಿಪಿ 150/98 ತೋರಿಸ್ತು. ನರ್ಸ್ ಹತ್ತು ನಿಮಿಷ ಕೂರಿಸಿ ಮತ್ತೊಮ್ಮೆ ನೋಡಿದರು, ಹೆಚ್ಚೇನೂ ಇಳಿದಿರಲಿಲ್ಲ. ಡಾಕ್ಟರು ನನ್ನ ವಯಸ್ಸು ಎರಡು ಸಲ ಕೇಳಿದರು. ಇಪ್ಪತ್ತೆಂಟು ಅಂದೆ. "ಮನೆಯಲ್ಲಿ ಯಾರಿಗಾದ್ರೂ ಇದೆಯಾ?" ಅಂದರು. ಅಪ್ಪನಿಗೆ ಐವತ್ತೆರಡಕ್ಕೆ ಶುರುವಾಗಿದ್ದು. ನನಗೆ ಅಪ್ಪನ ತೋಟದಲ್ಲಿ ಪಾಲು ಬರೋಕೆ ಮುಂಚೆ ಅಪ್ಪನ ಬಿಪಿಯಲ್ಲಿ ಪಾಲು ಬಂದುಬಿಡ್ತಲ್ಲ ಅಂತ ನಗು ಬಂತು. ಮನೆಗೆ ಬಂದು ಹೆಂಡತಿಗೆ ಹೇಳುವಾಗ ನಗು ಬರಲಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ನಮ್ಮಲ್ಲಿ ಎಷ್ಟೋ ಜನರ ಹಾಗೆ ಬಂದು ಬಿದ್ದಿದ್ದು ಸಾಫ್ಟ್‌ವೇರಿಗೆ. ಸ್ಟ್ರೆಸ್ ಅನ್ನೋ ಪದವನ್ನ ನಾನು ಮೊದಲು ಕಲಿತಿದ್ದೇ ಕಬ್ಬಿಣದ ಸರಳಿನ ಬಗ್ಗೆ: ಬಲವನ್ನ ವಿಸ್ತೀರ್ಣದಿಂದ ಭಾಗಿಸಿದರೆ ಸ್ಟ್ರೆಸ್. ಅದು ಮನುಷ್ಯರಿಗೆ ಅಂಟಿಕೊಂಡಿದ್ದು ಆಮೇಲೆ. ಕೆನಡಾದ ಮಾಂಟ್ರಿಯಲ್ಲಿನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಅನ್ನೋ ವಿಜ್ಞಾನಿ ಇಲಿಗಳನ್ನ ಚಳಿಯಲ್ಲಿಟ್ಟು, ಗಾಯಮಾಡಿ, ಅತಿಯಾಗಿ ಓಡಿಸಿ ನೋಡಿದ. ಕಾರಣ ಯಾವುದೇ ಇರಲಿ, ಇಲಿಯ ಮೈಯಲ್ಲಿ ಆಗೋ ಬದಲಾವಣೆ ಒಂದೇ ಥರ, ಹೊಟ್ಟೆಯಲ್ಲಿ ಹುಣ್ಣು ಕೂಡ ಸೇರಿದ ಹಾಗೆ, ಅಂತ 1936ರಲ್ಲಿ ಬರೆದ. ಮುಂದೆ ಅದಕ್ಕೆ ಸ್ಟ್ರೆಸ್ ಅನ್ನೋ ಹೆಸರು ನಿಂತಿತು.

ಕಬ್ಬಿಣದ ಪಾಠದಲ್ಲಿ ಇನ್ನೊಂದು ವಿಷಯ ಇತ್ತು, ಅದು ನನಗೆ ಈ ಬಿಪಿ ಹೊತ್ತಲ್ಲಿ ನೆನಪಾಯ್ತು. ಹತ್ತೊಂಬತ್ತನೇ ಶತಮಾನದಲ್ಲಿ ರೈಲಿನ ಅಚ್ಚುಗಳು ಇದ್ದಕ್ಕಿದ್ದಂತೆ ಮುರೀತಾ ಇದ್ದವಂತೆ. ಅವುಗಳ ಮೇಲಿದ್ದ ಭಾರ ಹೆಚ್ಚೇನೂ ಇರಲಿಲ್ಲ, ಒಂದೇ ಸಲ ಹೇರಿದ್ದರೆ ಆರಾಮಾಗಿ ಹೊರುತ್ತಿದ್ದವು. ಜರ್ಮನಿಯ ಔಗುಸ್ಟ್ ವೋಲರ್ ಅನ್ನೋ ಇಂಜಿನಿಯರ್ ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ್ದೇನಂದ್ರೆ, ಸಣ್ಣ ಭಾರವೇ ಮತ್ತೆ ಮತ್ತೆ ಬಿದ್ದರೆ ಕಬ್ಬಿಣವೂ ದಣಿಯತ್ತೆ, ಮುರಿಯತ್ತೆ. ಅದಕ್ಕೆ ಹೆಸರೇ ಫಟೀಗ್, ಅಂದ್ರೆ ಆಯಾಸ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇಷ್ಟು ವರ್ಷದ ಮೇಲೆ ಅರ್ಥ ಆಯ್ತು ನೋಡಿ!

ನಮ್ಮ ಟೀಮಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗಿ ಒಬ್ಬಳಿದ್ದಳು. ನಾಲ್ವರಲ್ಲಿ ಕೆಲಸದಲ್ಲಿ ಎಲ್ಲರಿಗಿಂತ ಚುರುಕು, ಮಾತಿನಲ್ಲೂ ಅಷ್ಟೇ. ನಾವು ಒಂದು ಗಂಟೆ ತಲೆ ಕೆರಕೊಳ್ಳೋ ಸಮಸ್ಯೆಯನ್ನ "ಏನ್ರೀ ಇದು" ಅಂತ ನೋಡಿ ಹತ್ತು ನಿಮಿಷದಲ್ಲಿ ಬಿಡಿಸೋಳು. ಒಂದು ಸೋಮವಾರ ಬಂದು ರಾಜೀನಾಮೆ ಕೊಟ್ಟಳು. ಬೇರೆ ಕೆಲಸ ಸಿಕ್ಕಿತ್ತಾ ಅಂದ್ರೆ ಇಲ್ಲ. ಕ್ಯಾಂಟೀನಿನಲ್ಲಿ ಕೂತಾಗ ಹೇಳಿದಳು, "ನನಗ ಕೆಲಸ ಬ್ಯಾಸರ ಆಗಿಲ್ಲ, ಫೋನ್ ಬ್ಯಾಸರ ಆಗೇದ." ಆಮೇಲೆ ತಟ್ಟೆ ನೋಡ್ತಾ ಅಳೋಕೆ ಶುರುಮಾಡಿದಳು. ನಾನು ಏನು ಹೇಳಬೇಕು ಗೊತ್ತಾಗದೆ ನೀರು ತಂದುಕೊಟ್ಟೆ. ಎರಡು ತಿಂಗಳ ನೋಟಿಸ್ ಮುಗಿಸಿ ಊರಿಗೆ ಹೋದಳು. ನಾಲ್ಕು ಜನ ಇದ್ದ ಸರದಿ ಮೂರು ಜನಕ್ಕೆ ಬಂತು.

ಕಂಪನಿಯವರು ಸುಮ್ಮನಿರಲಿಲ್ಲ ಅಂತಲೂ ಹೇಳಬೇಕು. 'ಒತ್ತಡ ನಿರ್ವಹಣೆ' ಅಂತ ಒಂದು ವೆಬಿನಾರ್ ಇಟ್ಟರು, ಸಂಜೆ ಏಳಕ್ಕೆ. ಆಳವಾಗಿ ಉಸಿರು ತಗೊಳ್ಳಿ, ನಿಧಾನಕ್ಕೆ ಬಿಡಿ ಅಂತ ಹೇಳಿಕೊಟ್ಟರು. ಎಂಟು ಗಂಟೆಗೆ ಅದು ಮುಗಿದ ಮೇಲೆ ಎಲ್ಲರೂ ನಿಧಾನಕ್ಕೆ ಉಸಿರು ಬಿಡ್ತಾ ಎಂಟೂಕಾಲರ ಕ್ಲೈಂಟ್ ಕಾಲಿಗೆ ಸೇರಿಕೊಂಡೆವು :) ತಮಾಷೆ ಬಿಡಿ, ಆ ಉಸಿರಾಟ ನಿಜಕ್ಕೂ ಉಪಯೋಗಕ್ಕೆ ಬಂತು. ರಾತ್ರಿ ಫೋನ್ ಬಂದಾಗ ಎದೆ ಹೊಡೆದುಕೊಳ್ಳೋದನ್ನ ತಗ್ಗಿಸೋಕೆ ನಾನು ಈಗಲೂ ಅದನ್ನ ಮಾಡ್ತೀನಿ. ಆದ್ರೆ ಅದು ಫೋನ್ ಬಂದಮೇಲೆ ಮಾಡೋದು. ಫೋನ್ ಯಾಕೆ ಬರ್ತಿದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಇಂಥ ಹೊತ್ತಲ್ಲಿ ಪ್ರತಿಯೊಬ್ಬ ಮಲೆನಾಡಿನ ಇಂಜಿನಿಯರ್‌ಗೂ ಬರೋ ಯೋಚನೆ ನನಗೂ ಬಂತು: ಎಲ್ಲಾ ಬಿಟ್ಟು ಊರಿಗೆ ಹೋಗಿ ತೋಟ ಮಾಡಿಕೊಂಡು ನೆಮ್ಮದಿಯಾಗಿ ಇದ್ದುಬಿಡೋಣ ಅಂತ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಜೋರಾಗಿ ನಕ್ಕ. "ಬಾ, ಬಾ. ಕೊಳೆ ಬಂದ ವರ್ಷ ನಾನೂ ನಿದ್ದೆ ಮಾಡಿಲ್ಲ ಮಾರಾಯ" ಅಂದ. ಗೊತ್ತಿಲ್ಲದವರಿಗೆ ಹೇಳ್ತೀನಿ, ಕೊಳೆರೋಗ ಅಂದ್ರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ಕಾಯಿಲೆ. ಅದಕ್ಕೆ ಮಳೆ ಹಿಡಿಯೋ ಮುಂಚೆ ಬೋರ್ಡೋ ದ್ರಾವಣ ಹೊಡೀಬೇಕು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತಿಂಗಳು, ಒಂದೂವರೆ ತಿಂಗಳು ಬಿಟ್ಟು ಇನ್ನೊಮ್ಮೆ. ಅಷ್ಟರಲ್ಲಿ ಮಳೆ ಬಿಡಬೇಕು, ಮರ ಹತ್ತೋರು ಸಿಗಬೇಕು. ಎರಡೂ ಒಂದೇ ದಿನ ಆಗೋದು ಅಪರೂಪ. ಉದುರಿದ ಕಾಯಿ ನೋಡಿಕೊಂಡು ಅಪ್ಪ ಜಗಲಿಯಲ್ಲಿ ಮಾತಿಲ್ಲದೆ ಕೂತಿದ್ದನ್ನ ನಾನು ಚಿಕ್ಕಂದಿನಲ್ಲಿ ನೋಡಿದ್ದೀನಿ. ಹಾಗಾಗಿ ಹಳ್ಳಿ ಅಂದ್ರೆ ನೆಮ್ಮದಿ ಅಂತ ಬರೆದರೆ ಅಪ್ಪನಿಗೆ ಮೋಸ ಮಾಡಿದ ಹಾಗೆ.

ಆದ್ರೂ ಅಪ್ಪನ ಮಂಡೆಬಿಸಿಗೂ ನನ್ನ ಮಂಡೆಬಿಸಿಗೂ ಏನೋ ಒಂದು ವ್ಯತ್ಯಾಸ ಇದೆ ಅನ್ನಿಸಿ ಅದನ್ನೇ ಯೋಚಿಸಿದೆ. ಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ನನಗಿಂತ ಹೆಚ್ಚು ಹೊತ್ತು ಕೆಲಸ ಮಾಡ್ತಾರೆ. ಕೊಯ್ದ ಅಡಿಕೆಯನ್ನ ಬೇಗ ಸುಲಿದು ಬೇಯಿಸಬೇಕು, ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ ಮುಂದೆ ಕೂತಿರ್ತಿದ್ದರು. ಈಗೀಗ ಸುಲಿಯೋ ಮಷೀನು ಬಂದಿದೆ, ನಾನು ಹೇಳ್ತಿರೋದು ನಾನು ಕಂಡ ಕಾಲದ್ದು. ಆದ್ರೆ ಅಲ್ಲಿ ಹತ್ತು ಜನ ಒಟ್ಟಿಗೆ ಕೂತಿರ್ತಿದ್ದರು, ಮಾತು, ನಗು, ಊರಿನ ಸುದ್ದಿ ಎಲ್ಲ ಇತ್ತು. ರಾಶಿ ಕಣ್ಣೆದುರೇ ಕರಗ್ತಾ ಇತ್ತು. ಮುಗಿದರೆ ಮುಗಿಯಿತು, ಕೈ ತೊಳೆದು ಮಲಗೋದು. ಮಳೆಗಾಲದಲ್ಲೂ ಅಷ್ಟೇ, ಮದ್ದು ಹೊಡೆದಾದ ಮೇಲೆ ಅಪ್ಪ "ಇನ್ನು ನನ್ನ ಕೈಲಿ ಏನೂ ಇಲ್ಲ" ಅಂತಿದ್ದ. ಯಾವ ದಿನ ಹೊಡೆಯೋದು, ಯಾರನ್ನ ಕರೆಯೋದು, ಯಾವ ಕೊನೆಗೆ ಕೊಟ್ಟೆ ಕಟ್ಟೋದು ಅನ್ನೋದೆಲ್ಲ ಮಾತ್ರ ಅವನದೇ ತೀರ್ಮಾನ.

ನನ್ನ ಆನ್‌ಕಾಲಿನಲ್ಲಿ ಈ ಮೂರೂ ಇರಲಿಲ್ಲ. ರಾತ್ರಿ ಎರಡೂವರೆಗೆ ನಾನೊಬ್ಬನೇ. ಕೆಲಸಕ್ಕೆ ಮುಗಿಯೋ ಹೊತ್ತು ಅಂತಿಲ್ಲ. ಯಾವುದಕ್ಕೆ ಎಬ್ಬಿಸಬೇಕು, ಯಾವುದಕ್ಕೆ ಬೇಡ ಅನ್ನೋದರಲ್ಲಿ ನನ್ನ ಮಾತು ನಡೆಯಲ್ಲ, ಯಾವತ್ತೋ ಯಾರೋ ಬರೆದಿಟ್ಟ ನಿಯಮ.

ಇದು ನನ್ನ ತಲೆಗೆ ಮಾತ್ರ ಹೊಳೆದಿದ್ದಲ್ಲ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ರಾಬರ್ಟ್ ಕರಾಸೆಕ್ ಅನ್ನೋರು 1979ರಲ್ಲೇ ಬರೆದಿದ್ದಾರೆ: ಕೆಲಸದ ಭಾರವೊಂದೇ ಮನುಷ್ಯನನ್ನ ಕುಗ್ಗಿಸಲ್ಲ, ಭಾರ ಹೆಚ್ಚಿದ್ದು ತೀರ್ಮಾನ ಮಾಡೋ ಸ್ವಾತಂತ್ರ್ಯ ಕಡಿಮೆ ಇದ್ದಾಗ ಕುಗ್ಗಿಸತ್ತೆ ಅಂತ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಅಂತ ಒಂದು ನಡೆದಿದೆ, ಮೊದಲನೇದು 1967ರಲ್ಲಿ, ಎರಡನೇದು 1985ರಲ್ಲಿ ಶುರುವಾಗಿದ್ದು. ನಾವೆಲ್ಲ ದೊಡ್ಡ ಸಾಹೇಬರಿಗೇ ಟೆನ್ಷನ್ ಹೆಚ್ಚು, ಹಾರ್ಟ್ ಅಟ್ಯಾಕ್ ಅವರಿಗೇ ಬರೋದು ಅಂದುಕೊಳ್ತೀವಿ. ಅಲ್ಲಿ ಕಂಡಿದ್ದು ಉಲ್ಟಾ, ಕೆಳಗಿನ ದರ್ಜೆಯವರಿಗೇ ಹೃದಯದ ಕಾಯಿಲೆ ಹೆಚ್ಚು. ಕೆಲಸದ ಮೇಲೆ ತಮ್ಮ ಹಿಡಿತ ಕಡಿಮೆ ಇರೋದು ಅದಕ್ಕೆ ಒಂದು ಕಾರಣ ಅಂತ ಎರಡನೇ ಅಧ್ಯಯನದಲ್ಲಿ ಕಂಡುಬಂತು.

ಗಂಟೆಗಳ ಲೆಕ್ಕ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದಾಗಿನಿಂದ ಈ ಚರ್ಚೆ ಮುಗಿದೇ ಇಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರಿಗೆ ದಿನಕ್ಕೆ 14 ಗಂಟೆ ಮಾಡೋ ಪ್ರಸ್ತಾಪದ ಸುದ್ದಿ ಬಂದು ನೌಕರರ ಸಂಘ ಗಲಾಟೆ ಎಬ್ಬಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಕೊಟ್ಟ ಅಂದಾಜು ನೋಡಿ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದಯ ಕಾಯಿಲೆಯಿಂದ ಸಾಯೋ ಅಪಾಯ ಶೇಕಡಾ 17ರಷ್ಟು ಜಾಸ್ತಿ. ಹಾಗಾಗಿ ಗಂಟೆ ಎಣಿಸಲೇಬೇಕು. ಆದ್ರೆ ನಮ್ಮ ಟೀಮಿನ ಟೈಮ್‌ಶೀಟ್ ತೆಗೆದು ನೋಡಿದರೆ ವಾರಕ್ಕೆ 45 ಗಂಟೆ ಅಂತಲೇ ಕಾಣೋದು. ಫೋನಿಗೆ ಕಾಯೋ ಹೊತ್ತನ್ನ ಬರೆಯೋಕೆ ಅದರಲ್ಲಿ ಜಾಗವೇ ಇಲ್ಲ.

ಉಳಿದ ನಾವು ಮೂರು ಜನ ಒಂದು ಶನಿವಾರ ಕೂತು ಹಿಂದಿನ ಮೂರು ತಿಂಗಳಲ್ಲಿ ಬಂದ ರಾತ್ರಿ ಫೋನುಗಳನ್ನೆಲ್ಲ ಒಂದು ಶೀಟಿನಲ್ಲಿ ಪಟ್ಟಿ ಮಾಡಿದೆವು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: "ಇದಕ್ಕೆ ಮನುಷ್ಯ ಏಳಲೇಬೇಕಿತ್ತಾ?" ಡಿಸ್ಕ್ ಶೇಕಡಾ 80 ತುಂಬಿದೆ ಅಂತ ಎಬ್ಬಿಸಿದ್ದು, ಬೆಳಿಗ್ಗೆ ನೋಡಿದರೂ ನಡೀತಿತ್ತು. ಎರಡು ನಿಮಿಷ ಏರಿ ತಾನೇ ಇಳಿದ ಲೋಡ್, ನಾವು ಲಾಗಿನ್ ಆಗೋದರೊಳಗೆ ಸರಿಯಾಗಿರ್ತಿತ್ತು. ಒಂದೇ ತೊಂದರೆಗೆ ಆರು ಕಡೆಯಿಂದ ಆರು ಫೋನು. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಸಲ ನಾವು ಸುಮ್ಮನೆ ಎದ್ದಿದ್ದೆವು. ಗೂಗಲ್‌ನವರು 2016ರಲ್ಲಿ ತಂದ ಎಸ್‌ಆರ್‌ಇ ಪುಸ್ತಕದಲ್ಲಿ, ಒಂದು ಪಾಳಿಗೆ ಎರಡಕ್ಕಿಂತ ಹೆಚ್ಚು ಅವಘಡ ಇರಬಾರದು, ಅದಕ್ಕಿಂತ ಜಾಸ್ತಿಯಾದರೆ ಒಂದನ್ನೂ ಸರಿಯಾಗಿ ನೋಡೋಕಾಗಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಅದನ್ನೂ ಶೀಟಿಗೆ ಸೇರಿಸಿದೆವು, ಮನೆಯವರ ಮಾತಿಗಿಂತ ಪರವೂರಿನವರ ಮಾತಿಗೆ ಬೆಲೆ ಜಾಸ್ತಿ ಅಲ್ವಾ :)

ಮ್ಯಾನೇಜರ್ ಮೊದಲು ಒಪ್ಪಲಿಲ್ಲ. "ಅಲರ್ಟ್ ತೆಗೆದು ಆಮೇಲೆ ಏನಾದ್ರೂ ಆದ್ರೆ ಯಾರು ಹೊಣೆ?" ಅಂದರು. ಅವರದೂ ತಪ್ಪಲ್ಲ, ಅವರ ಮೇಲೂ ಒಬ್ಬರು ಇರ್ತಾರೆ. ನಾವು ಜಗಳ ಆಡಲಿಲ್ಲ. "ನಾಲ್ಕನೇ ಜನ ಬರೋವರೆಗೆ ಒಂದು ವಾರ ನೀವೂ ಸರದಿ ತಗೊಳ್ತೀರಾ ಸರ್?" ಅಂತ ಕೇಳಿದೆವು. ಪಾಪ, ಒಪ್ಪಿಕೊಂಡರು. ನಾಲ್ಕನೇ ದಿನ ಬೆಳಿಗ್ಗೆ ಕಣ್ಣು ಕೆಂಪು ಮಾಡಿಕೊಂಡು ಬಂದು, "ಆ ಶೀಟ್ ಕಳಿಸಿ" ಅಂದರು.

ಬೇಡದ ಅಲರ್ಟುಗಳು ಈಗ ಬೆಳಿಗ್ಗೆ ಒಂಬತ್ತಕ್ಕೆ ಒಂದೇ ಮೇಲ್ ಆಗಿ ಬರತ್ತೆ. ರಾತ್ರಿ ಎದ್ದವರು ಮರುದಿನ ಮಧ್ಯಾಹ್ನದ ಮೇಲೆ ಬಂದರೆ ಸಾಕು, ಯಾರೂ ಕೇಳಲ್ಲ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಬ್ಬರನ್ನ ಎಬ್ಬಿಸಲೇಬೇಕು, ಎಬ್ಬಿಸಿದ್ದಕ್ಕೆ ಸಾರಿ ಕೇಳೋ ಹಾಗಿಲ್ಲ. ನನಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಈ ಕೊನೆಯದೇ. ಎರಡೂವರೆ ರಾತ್ರಿಯಲ್ಲಿ ಫೋನಿನ ಆ ಕಡೆಯಿಂದ "ಹೇಳೋ, ಏನಾಯ್ತು" ಅನ್ನೋ ನಿದ್ದೆಗಣ್ಣಿನ ದನಿ ಕೇಳಿದರೆ ಅರ್ಧ ಮಂಡೆಬಿಸಿ ಅಲ್ಲೇ ಇಳಿಯತ್ತೆ.

ನನ್ನಷ್ಟಕ್ಕೆ ಮಾಡಿಕೊಂಡ ಸಣ್ಣಪುಟ್ಟವೂ ಇವೆ. ಆ ರಿಂಗ್‌ಟೋನ್ ತೆಗೆದುಹಾಕಿದೆ, ಬೇರೆ ಯಾರೂ ಇಟ್ಟುಕೊಳ್ಳದ ಒಂದು ಹಳೇ ಸೈರನ್ ಸದ್ದು ಇಟ್ಟೆ. ಸರದಿ ಮುಗಿದ ದಿನ ಆ ಆ್ಯಪನ್ನೇ ಫೋನಿನಿಂದ ಅಳಿಸ್ತೀನಿ, ಮುಂದಿನ ಸಲ ಮತ್ತೆ ಹಾಕಿಕೊಳ್ತೀನಿ. ಮಲಗೋ ಮುಂಚೆ ಐದು ನಿಮಿಷ ನಾಳೆ ಮಾಡಬೇಕಾದ್ದನ್ನ ಕಾಗದದ ಮೇಲೆ ಬರೀತೀನಿ. ಹೀಗೆ ಮಾಡಿದವರಿಗೆ, ಮಾಡಿ ಮುಗಿಸಿದ್ದನ್ನ ಬರೆದವರಿಗಿಂತ ಬೇಗ ನಿದ್ದೆ ಹತ್ತಿತು ಅಂತ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಸಣ್ಣ ಪ್ರಯೋಗದಲ್ಲಿ ತೋರಿಸಿದ್ದಾರೆ. ಬಿಪಿಗೆ ಸಂಜೆ ನಡಿಗೆ, ಉಪ್ಪಿನಕಾಯಿಗೆ ವಿದಾಯ (ಇದು ಮಾತ್ರ ನಿಜವಾದ ತ್ಯಾಗ, ಅಮ್ಮನ ಅಪ್ಪೆಮಿಡಿ!). ಕಳೆದ ಸಲ 132/86 ಇತ್ತು. ಡಾಕ್ಟರು ಸದ್ಯಕ್ಕೆ ಮಾತ್ರೆ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸು ಅಂದಿದ್ದಾರೆ.

ಎಲ್ಲ ಸರಿಹೋಯ್ತು ಅಂತಲ್ಲ. ರಿಲೀಸ್ ಹತ್ರ ಬಂದಾಗ ಎದೆ ಭಾರ ಆಗೋದು ಹಾಗೇ ಇದೆ. 2022ರ ಕೊನೆಯಿಂದ ಶುರುವಾದ ಲೇಆಫ್ ಸುದ್ದಿಗಳು ಬಂದಾಗಲೆಲ್ಲ ಮನೆ ಸಾಲದ ಕಂತು ಕಣ್ಣ ಮುಂದೆ ಬರತ್ತೆ, ಅದಕ್ಕೆ ಯಾವ ಶೀಟೂ ಇಲ್ಲ. ಹುಬ್ಬಳ್ಳಿಯ ಗೆಳತಿ ಆರು ತಿಂಗಳು ಮನೆಯಲ್ಲಿದ್ದು, ಧಾರವಾಡದಲ್ಲಿ ಒಬ್ಬ ಡಾಕ್ಟರ ಹತ್ರ ತೋರಿಸಿಕೊಂಡು, ಈಗ ಬೇರೆ ಕಡೆ ಸೇರಿದ್ದಾಳೆ. ನಮ್ಮ ಶೀಟಿನ ಕತೆ ಹೇಳಿದೆ. "ಛಲೋ ಮಾಡೀರಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆರು ತಿಂಗಳ ಮೊದಲ ಮಾಡಿದ್ರ ನಾನೂ ಅಲ್ಲೇ ಇರ್ತಿದ್ನಿ" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ಅವಳು ಹೋದಮೇಲೆ ನನಗೆ ಗೊತ್ತಾಗಿದ್ದು ಇಷ್ಟೇ. ಸುಸ್ತು ಬೇರೆ, ಇದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನೋದನ್ನ ವಿವರಿಸುವಾಗ ಮೂರು ಲಕ್ಷಣ ಹೇಳಿದೆ: ಶಕ್ತಿಯೆಲ್ಲ ಬಸಿದು ಹೋದ ಹಾಗೆ ಅನ್ನಿಸೋದು, ಕೆಲಸದ ಬಗ್ಗೆ ಮನಸ್ಸು ದೂರ ಆಗಿ ಕಹಿಯಾಗೋದು, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸೋದು. ಅದನ್ನ ಅವರು ಕಾಯಿಲೆ ಅಂತ ಕರೆದಿಲ್ಲ, ಕೆಲಸದ ಜಾಗದಿಂದ ಹುಟ್ಟೋ ಸ್ಥಿತಿ ಅಂದಿದ್ದಾರೆ. ಜಾಗದಿಂದ ಹುಟ್ಟಿದ್ದಕ್ಕೆ ಜಾಗದಲ್ಲೂ ಮದ್ದು ಹುಡುಕಬೇಕು. ಎಲ್ಲವನ್ನೂ ಒಬ್ಬರ ಉಸಿರಾಟದ ಮೇಲೆ ಹೊರಿಸೋಕಾಗಲ್ಲ. ನಿಮಗೆ ಫೋನ್ ಸದ್ದು ಕೇಳಿದರೆ ಎದೆ ಧಸಕ್ ಅನ್ನತ್ತಾ, ಭಾನುವಾರ ಸಂಜೆಯೇ ಹೊಟ್ಟೆ ತೊಳಸತ್ತಾ, ಪಕ್ಕದ ಸೀಟಿನವರಿಗೆ ಹೇಳಿ. ಅವರಿಗೂ ಹಾಗೇ ಆಗ್ತಿರಬಹುದು, ಯಾರು ಮೊದಲು ಬಾಯಿ ಬಿಡೋದು ಅಂತ ಕಾಯ್ತಿರಬಹುದು. ಅದಕ್ಕೂ ಮೀರಿದ್ದಾದರೆ ಡಾಕ್ಟರಿಗೆ ತೋರಿಸೋಕೆ ನಾಚಿಕೆ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

"ಟೆನ್ಷನ್ ತಗೋಬೇಡ" ಅನ್ನೋದನ್ನ ನಾನಂತೂ ಬಿಟ್ಟಿದ್ದೀನಿ. ಈಗ ಯಾರಾದ್ರೂ ಮಂಡೆಬಿಸಿ ಅಂದ್ರೆ "ಯಾರು ಕೊಟ್ಟಿದ್ದು, ಎಷ್ಟು ದಿನದಿಂದ?" ಅಂತ ಕೇಳ್ತೀನಿ. ಜನ ಮೊದಲು ನಗ್ತಾರೆ, ಆಮೇಲೆ ನಿಜ ಹೇಳ್ತಾರೆ.

ಗಂಟೆ ಹತ್ತೂವರೆ ಆಯ್ತು. ಈ ವಾರ ಸರದಿ ನಂದಲ್ಲ. ನಾಳೆಯ ಪಟ್ಟಿ ಬರೆದಾಗಿದೆ. ಇನ್ನು ಮಲಗ್ತೀನಿ, ನೀವೂ ಮಲಗಿ.